ಗಾಲ್ಫ್ ಚೆಂಡಿಗೆ ಗುರುತು, ಗೆರೆ: ಮಲೆನಾಡಿನ ಹೊಸ ಆಟಗಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಮನೆ ಶಿವಮೊಗ್ಗದಲ್ಲಿ, ಆಟ ಚಿಕ್ಕಮಗಳೂರಿನಲ್ಲಿ. ತಿಂಗಳಿಗೆ ಎರಡು ಸಲ ಬೆಳಗಿನ ಜಾವವೇ ಕಾರು ಹತ್ತಿ, ಭದ್ರಾವತಿ, ತರೀಕೆರೆ ದಾಟಿ ಹೋಗುವ ನಾಲ್ಕು ಜನರ ಗುಂಪು ನಮ್ಮದು. ಈಚೆಗೆ ಹೊಸಬರೂ ಜೊತೆಗೆ ಬರುತ್ತಿದ್ದಾರೆ. ಬಂದವರು ಸ್ವಿಂಗ್ ಬಗ್ಗೆ ಕೇಳುತ್ತಾರೆ, ಯಾವ ಕ್ಲಬ್ (ಚೆಂಡು ಹೊಡೆಯುವ ಕೋಲು) ತಗೊಳ್ಳಲಿ ಅಂತ ಕೇಳುತ್ತಾರೆ. ಚೆಂಡಿನ ಮೇಲೆ ಪೆನ್ನಿನಲ್ಲಿ ಏನಾದರೂ ಬರೀಬೇಕಾ ಅಂತ ಮಾತ್ರ ಮೊದಲ ಜಗಳ ಆದಮೇಲೇ ಕೇಳುವುದು. ಹಾಗೆ ಕೇಳಿದ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ. ನಿಯಮದ ಮಾತು ಬಂದಲ್ಲೆಲ್ಲ ಗಾಲ್ಫಿನ ನಿಯಮ ಬರೆಯುವ ಸಂಸ್ಥೆಗಳಾದ ಆರ್ ಅಂಡ್ ಎ ಮತ್ತು ಯುಎಸ್‌ಜಿಎ ಸೇರಿ 2019ರಲ್ಲಿ ಹೊಸದಾಗಿ ಬರೆದ, 2023ರಲ್ಲಿ ಮತ್ತೆ ತಿದ್ದಿದ ನಿಯಮಗಳನ್ನೇ ಇಟ್ಟುಕೊಂಡಿದ್ದೇನೆ.

ಚೆಂಡಿನ ಮೇಲೆ ಕಂಪನಿ ಹೆಸರು, ನಂಬರ್ ಎರಡೂ ಇರುತ್ತಲ್ಲ. ನಾನು ಬೇರೆ ಗುರುತು ಹಾಕಲೇಬೇಕಾ?

ಹಾಕಲೇಬೇಕು ಅಂತ ನಿಯಮದ ಕಟ್ಟಪ್ಪಣೆ ಇಲ್ಲ. ಹಾಕಬೇಕು ಅನ್ನುವ ಸಲಹೆ ಇದೆ. ಹಾಕದಿದ್ದರೆ ದಂಡವೂ ಇಲ್ಲ.

ಆದರೆ ಲೆಕ್ಕ ನೋಡಿ. ಅಂಗಡಿಯಲ್ಲಿ ಸಿಗುವ ಚೆಂಡುಗಳ ಮೇಲೆ ಸಾಮಾನ್ಯವಾಗಿ 1ರಿಂದ 4ರವರೆಗಿನ ನಂಬರ್ ಇರುತ್ತದೆ. ನಾಲ್ಕು ಜನ ಆಡುವಾಗ ಇಬ್ಬರ ಹತ್ತಿರ ಒಂದೇ ಕಂಪನಿಯ ಒಂದೇ ಮಾಡೆಲ್ ಇರುವುದು ಮಾಮೂಲು. ನಂಬರೂ ಒಂದೇ ಆಗಲು ಎಷ್ಟು ಹೊತ್ತು ಬೇಕು? ಅಡಿಕೆ ಮೂಟೆಯನ್ನು ಮಂಡಿಗೆ ಕಳಿಸುವಾಗ ಮೂಟೆ ಮೇಲೆ ಹೆಸರಿನ ಅಕ್ಷರ ಬರೆಯದೆ ಯಾರಾದರೂ ಕಳಿಸುತ್ತಾರಾ? ಎಲ್ಲರ ಮೂಟೆಯೂ ಗೋಣಿಯದ್ದೇ, ಒಳಗಿರುವುದೂ ಅಡಿಕೆಯೇ. ಇಲ್ಲೂ ಅದೇ ಕಥೆ.

ಗುರುತು ಇಲ್ಲದೆ ಹೋದರೆ ನಿಜಕ್ಕೂ ಏನು ನಷ್ಟ?

ಚೆಂಡು ಕಣ್ಣೆದುರಿಗೇ ಇದ್ದರೂ ಕಳೆದುಹೋದ ಲೆಕ್ಕಕ್ಕೆ ಸೇರಬಹುದು. ಇದನ್ನು ನಾನು ದುಡ್ಡು ಕೊಟ್ಟೇ ಕಲಿತೆ.

ಮೂರನೇ ವರ್ಷದ ಆಟ. ನಾನು, ನನ್ನ ಭಾವ ಇಬ್ಬರೂ ಒಂದೇ ಡಬ್ಬದಿಂದ ಚೆಂಡು ಹಂಚಿಕೊಂಡಿದ್ದೆವು. ಇಬ್ಬರೂ ಬಲಗಡೆಗೇ ಹೊಡೆದೆವು. ಹೋಗಿ ನೋಡಿದರೆ ಕಾಫಿ ಗಿಡದ ಬುಡದಲ್ಲಿ, ದರಗಿನ ಮೇಲೆ, ಒಂದು ಗೇಣಿನ ಅಂತರದಲ್ಲಿ ಎರಡು ಬಿಳಿ ಚೆಂಡು. ಎರಡರ ಮೇಲೂ 3. ಎರಡೂ ಹೊಸವು, ಎರಡರ ಮೇಲೂ ಒಂದು ಗೀರಿಲ್ಲ. "ಭಾವ, ಇದು ನಂದು ಕಣೋ" ಅಂದೆ. "ಯಾಕೆ, ಅದು ಎದ್ದು ಹೇಳ್ತಾ?" ಅಂದ. ಅವನ ಮಾತೇ ಸರಿ. ಯಾವುದು ಯಾರದು ಅಂತ ಹೇಳಲು ದಾರಿಯೇ ಇಲ್ಲದಿದ್ದರೆ ಎರಡೂ ಕಳೆದುಹೋದ ಚೆಂಡುಗಳೇ. ಇಬ್ಬರೂ ಒಂದೊಂದು ಹೊಡೆತದ ದಂಡ ಸೇರಿಸಿಕೊಂಡು ಟೀ (ಮೊದಲ ಹೊಡೆತ ಹೊಡೆಯುವ ಜಾಗ) ಹತ್ತಿರಕ್ಕೆ ವಾಪಸ್ ನಡೆದೆವು. ಏರು ದಾರಿ ಬೇರೆ.

ನಿಯಮ 7.2 ನಿಮ್ಮ ಚೆಂಡು ನಿಮ್ಮದೇ ಅಂತ ತೋರಿಸಲು ಮೂರು ದಾರಿ ಕೊಡುತ್ತದೆ. ಅದು ಅಲ್ಲೇ ಹೋಗಿ ನಿಂತದ್ದನ್ನು ನೀವೋ ಬೇರೆಯವರೋ ಕಂಡಿರಬೇಕು. ಇಲ್ಲವೇ ಅದರ ಮೇಲೆ ನಿಮ್ಮ ಗುರುತು ಕಾಣಬೇಕು. ಅದೂ ಇಲ್ಲದಿದ್ದರೆ ನಿಮ್ಮದೇ ಕಂಪನಿ, ಮಾಡೆಲ್, ನಂಬರ್, ಸವೆತ ಇರುವ ಚೆಂಡು ನೀವು ಅಂದುಕೊಂಡ ಜಾಗದಲ್ಲೇ ಸಿಗಬೇಕು. ಆದರೆ ಅಂಥದ್ದೇ ಇನ್ನೊಂದು ಚೆಂಡು ಅಲ್ಲೇ ಇದ್ದರೆ ಈ ಮೂರನೇ ದಾರಿ ಮುಚ್ಚಿಹೋಗುತ್ತದೆ. ನಮ್ಮಿಬ್ಬರಿಗೆ ಆಗಿದ್ದು ಅದೇ.

ಹಾಗಾದರೆ ಎಂಥ ಗುರುತು ಒಳ್ಳೆಯದು?

ಬಗ್ಗದೆ, ಮುಟ್ಟದೆ, ನಿಂತಲ್ಲಿಂದಲೇ "ನಂದು" ಅನ್ನುವ ಹಾಗೆ ಇರಬೇಕು. ನನ್ನ ಮಟ್ಟಿಗೆ ಗುರುತಿಗೆ ಇದೊಂದೇ ಪರೀಕ್ಷೆ. ಚಂದ ಕಾಣುವುದೆಲ್ಲ ಆಮೇಲೆ.

ಒಂದೇ ಚುಕ್ಕಿ ಸಾಲದು, ಎಲ್ಲರೂ ಅದನ್ನೇ ಹಾಕುತ್ತಾರೆ. ಎರಡು ಚುಕ್ಕಿ ಹಾಕುವವರೂ ಬೇಕಾದಷ್ಟು ಜನ ಇದ್ದಾರೆ. ಇಂಗ್ಲಿಷ್ ಇನಿಶಿಯಲ್ ಹಾಕಿದರೆ ಗುಂಪಿನಲ್ಲಿ ಇನ್ನೊಬ್ಬ ಎಸ್ ಇದ್ದೇ ಇರುತ್ತಾನೆ. ಸುರೇಶ, ಸತೀಶ, ಶ್ರೀಧರ ಎಲ್ಲರೂ ಅಲ್ಲಿಗೇ ಬಂದು ನಿಲ್ಲುತ್ತಾರೆ.

ನಾನು ಕನ್ನಡದ ಅಕ್ಷರಕ್ಕೆ ಬಂದೆ. ಅದರಲ್ಲೂ 'ಳ'. ಹೆಸರು 'ಳ'ದಿಂದ ಶುರುವಾಗುವ ಮನುಷ್ಯ ಇಲ್ಲಿಯವರೆಗೂ ನನಗೆ ಸಿಕ್ಕಿಲ್ಲ, ಹಾಗಾಗಿ ಆ ಅಕ್ಷರಕ್ಕೆ ಪೈಪೋಟಿಯೇ ಇಲ್ಲ. ಒಂದೇ ಎಳೆತದಲ್ಲಿ ಬರೆಯಬಹುದು. ಬೆಂಗಳೂರಿನಿಂದ ಬಂದಿದ್ದ ಉತ್ತರ ಭಾರತದ ಸ್ನೇಹಿತರೊಬ್ಬರು ಅದನ್ನು ಕಿವಿಯ ಚಿತ್ರ ಅಂದುಕೊಂಡಿದ್ದರು. ಅಂದುಕೊಳ್ಳಲಿ, ಗುರುತು ಸಿಕ್ಕಿದರೆ ಸಾಕು. ತಲೆಕೆಳಗಾದರೆ ಬೇರೊಂದಾಗಿ ಕಾಣುವ ಗುರುತು ಮಾತ್ರ ಬೇಡ. 6 ಬರೆದರೆ ಅದು 9 ಆಗಿಯೂ ಕೂತಿರುತ್ತದೆ.

ಅಮೆರಿಕದ ಡಫಿ ವಾಲ್ಡಾರ್ಫ್ ಅನ್ನುವ ಆಟಗಾರರ ಚೆಂಡಿನ ತುಂಬ ಅವರ ಹೆಂಡತಿ, ಮಕ್ಕಳು ಬಣ್ಣಬಣ್ಣದ ಚಿತ್ರ ಬರೆದು ಕೊಡುತ್ತಿದ್ದರು. ಹಾಗೆ ಮಾಡಿದರೆ ಅನುಮಾನಕ್ಕೆ ಜಾಗವೇ ಇಲ್ಲ. ಮನೆಯಲ್ಲಿ ಅಷ್ಟು ಪುರುಸೊತ್ತು ಇದ್ದರೆ ಮಾಡಿಸಿಕೊಳ್ಳಿ.

ಒಂದು ಕಡೆ ಹಾಕಿದರೆ ಸಾಕಾ?

ಸಾಲದು. ಚೆಂಡು ಅರ್ಧ ಹುಲ್ಲಿನಲ್ಲಿ ಹೂತಾಗ ಗುರುತು ಇರುವ ಮಗ್ಗುಲೇ ಕೆಳಗಿರುತ್ತದೆ. ಯಾಕೋ ಯಾವಾಗಲೂ ಹಾಗೇ. ಚೆಂಡಿನ ಎರಡು ಕಡೆ ಇರುವ ನಂಬರಿನ ಪಕ್ಕ ಒಂದೊಂದು, ಅವೆರಡರ ನಡುವೆ ಖಾಲಿ ಇರುವ ಕಡೆ ಇನ್ನೆರಡು, ಒಟ್ಟು ನಾಲ್ಕು ಕಡೆ ಹಾಕಿ. ಆಗ ಚೆಂಡು ಹೇಗೇ ಕೂತರೂ ಒಂದಾದರೂ ಇಣುಕುತ್ತದೆ.

ಯಾವ ಪೆನ್ನು? ನಮ್ಮೂರ ಮಳೆಗೆ ಶಾಯಿ ನಿಲ್ಲುತ್ತಾ?

ಸಣ್ಣ ಮೊನೆಯ ಪರ್ಮನೆಂಟ್ ಮಾರ್ಕರ್. ಗಾಂಧಿ ಬಜಾರಿನ ಯಾವ ಸ್ಟೇಷನರಿ ಅಂಗಡಿಯಲ್ಲಾದರೂ ಸಿಗುತ್ತದೆ. ತಗೊಳ್ಳುವಾಗ 'ಪರ್ಮನೆಂಟ್' ಅಂತ ಓದಿಯೇ ತಗೊಳ್ಳಿ. ವೈಟ್‌ಬೋರ್ಡ್ ಮಾರ್ಕರ್ ನೋಡಲು ಹಾಗೇ ಇರುತ್ತದೆ, ಆದರೆ ಹೆಬ್ಬೆರಳು ತಾಗಿದರೆ ಅಳಿಸಿಹೋಗುತ್ತದೆ. ಬಾಲ್‌ಪೆನ್ನು ಹಿಡಿಯುವುದೇ ಇಲ್ಲ, ಚೆಂಡಿನ ನುಣುಪಿನ ಮೇಲೆ ಸುಮ್ನೆ ಜಾರುತ್ತದೆ.

ಬಣ್ಣದ ವಿಷಯದಲ್ಲಿ ನಮ್ಮ ಕಡೆಯವರು ಸ್ವಲ್ಪ ಯೋಚನೆ ಮಾಡಬೇಕು. ಕಪ್ಪು ಬೇಡ. ಕಂಪನಿಯ ಅಚ್ಚೂ ಹೆಚ್ಚಾಗಿ ಕಪ್ಪೇ, ಮಳೆಗಾಲದ ಕೆಸರಿನ ಕಲೆಯೂ ದೂರಕ್ಕೆ ಕಪ್ಪಾಗೇ ಕಾಣುತ್ತದೆ. ಹಸಿರು ಹುಲ್ಲಿನಲ್ಲಿ ಮುಚ್ಚಿಹೋಗುತ್ತದೆ. ನೀಲಿ ಅಥವಾ ನೇರಳೆ ಚೆನ್ನಾಗಿ ಎದ್ದು ಕಾಣುತ್ತದೆ. ಕೆಂಪೂ ಪರವಾಗಿಲ್ಲ, ಕೆಮ್ಮಣ್ಣಿನ ಜಾಗದಲ್ಲಿ ಮಾತ್ರ ಕಣ್ಣಿಗೆ ಬೀಳುವುದು ಕಷ್ಟ.

ಶಾಯಿ ನಿಲ್ಲುವುದು ಬಿಡುವುದು ಹಾಕುವ ಕ್ರಮದ ಮೇಲಿದೆ. ಹೊಸ ಚೆಂಡಿನ ಮೇಲೂ ಕೈಯ ಜಿಡ್ಡು ಇರುತ್ತದೆ. ಹತ್ತಿಗೆ ಸ್ವಲ್ಪ ಸ್ಪಿರಿಟ್ ಅಥವಾ ಕೈಗೆ ಹಾಕುವ ಸ್ಯಾನಿಟೈಸರ್ ಹಚ್ಚಿ ಒರೆಸಿ, ಆರಲು ಬಿಡಿ. ಆಮೇಲೆ ಬರೆಯಿರಿ. ಬರೆದ ಮೇಲೆ ಮತ್ತೆ ಹತ್ತು ನಿಮಿಷ ಮುಟ್ಟಬೇಡಿ. ಜೂನ್, ಜುಲೈನಲ್ಲಿ ಬಟ್ಟೆಯೇ ಮೂರು ದಿನವಾದರೂ ಒಣಗದ ಊರು ನಮ್ಮದು, ಆಗ ಹಿಂದಿನ ರಾತ್ರಿಯೇ ಗುರುತು ಹಾಕಿ ಇಡುವುದು ಒಳ್ಳೆಯದು. ಮೊಟ್ಟೆ ತಂದ ಟ್ರೇ ಇದ್ದರೆ ಅದರಲ್ಲಿ ಸಾಲಾಗಿ ಕೂರಿಸಿ. ಕಾರಿನಲ್ಲಿ, ಘಟ್ಟದ ತಿರುವಿನಲ್ಲಿ ಬರೆಯಲು ಹೋಗಿ ಪ್ಯಾಂಟಿಗೆ ಗುರುತು ಹಾಕಿಕೊಂಡವರು ನಮ್ಮ ಗುಂಪಿನಲ್ಲೇ ಇದ್ದಾರೆ.

ಬಂಕರಿನ ಮರಳು, ಕ್ಲಬ್ಬಿನ ಏಟು ಎರಡೂ ಶಾಯಿಯನ್ನು ತಿನ್ನುತ್ತವೆ. ಐದಾರು ಹೋಲಿಗೊಮ್ಮೆ ನೋಡಿಕೊಳ್ಳಿ (ಟೀಯಿಂದ ಹೊಡೆದು ಚೆಂಡು ಕುಳಿಗೆ ಬೀಳುವವರೆಗಿನ ಆಟಕ್ಕೆ ಹೋಲ್ ಅನ್ನುತ್ತಾರೆ, ಆ ಕುಳಿಗೂ ಅದೇ ಹೆಸರು). ಮಾಸಿದ್ದರೆ ಒಂದು ಹೋಲ್ ಮುಗಿದು ಇನ್ನೊಂದು ಶುರುವಾಗುವ ಮೊದಲು ತಿದ್ದಿ.

ಚಾಕುವಿನಿಂದ ಸಣ್ಣ ಕಚ್ಚು ಹಾಕಿದರೆ? ನೈಲ್ ಪಾಲಿಶ್ ಹಚ್ಚಿದರೆ?

ಅಡಿಕೆ ಸುಲಿಯುವ ಕತ್ತಿ ಕೈಯಲ್ಲಿದ್ದರೆ ಯಾವುದನ್ನು ನೋಡಿದರೂ ಕೊಯ್ಯಬೇಕು ಅನ್ನಿಸುತ್ತದೆ, ನಿಜ. ಆದರೆ ಚೆಂಡಿನ ಹಾರಾಟ ಬದಲಾಗುವ ಹಾಗೆ ಬೇಕೆಂದೇ ಅದನ್ನು ಉಜ್ಜುವುದು, ಬಿಸಿ ಮಾಡುವುದು, ಏನಾದರೂ ಬಳಿಯುವುದು ಇವೆಲ್ಲ ನಿಯಮ 4.2ರ ಪ್ರಕಾರ ತಪ್ಪು. ಅಂಥ ಚೆಂಡನ್ನು ಹೊಡೆದರೆ ಪಂದ್ಯದಿಂದಲೇ ಹೊರಗೆ. ಚೆಂಡಿನ ಮೈಮೇಲಿನ ಸಣ್ಣ ಗುಳಿಗಳೇ ಅದನ್ನು ಗಾಳಿಯಲ್ಲಿ ಎತ್ತಿ ಹಿಡಿಯುವುದು. ಹೆಚ್ಚಿನ ಚೆಂಡುಗಳಲ್ಲಿ ಅವು 300ರಿಂದ 400 ಇರುತ್ತವೆ. ಗುಳಿಯನ್ನು ಕೊಯ್ದರೂ, ದಪ್ಪಗೆ ಬಳಿದು ತುಂಬಿದರೂ ಸುಮ್ಮನೆ ಅನುಮಾನಕ್ಕೆ ಎಡೆ. ಪೆನ್ನಿನ ಶಾಯಿಗೆ ಯಾವ ತಕರಾರೂ ಇಲ್ಲ.

ಹುಲ್ಲಿನಲ್ಲಿ ಒಂದು ಚೆಂಡು ಕಂಡಿತು. ಗುರುತು ಕಾಣುತ್ತಿಲ್ಲ. ಎತ್ತಿ ನೋಡಬಹುದಾ?

ನೋಡಬಹುದು. ಆದರೆ ಮೊದಲು ಅದು ಇರುವ ಜಾಗಕ್ಕೆ ಗುರುತು ಇಡಬೇಕು. ಚೆಂಡಿನ ಹಿಂದೆಯೋ ಪಕ್ಕಕ್ಕೋ ಒಂದು ಟೀ (ಚೆಂಡು ಕೂರಿಸುವ ಸಣ್ಣ ಗೂಟಕ್ಕೂ ಅದೇ ಹೆಸರು) ಚುಚ್ಚಿ, ಆಮೇಲೆ ಎತ್ತಿ ಅಥವಾ ಇದ್ದಲ್ಲೇ ತಿರುಗಿಸಿ. ತಿರುಗಿಸುವುದೂ ಎತ್ತಿದ ಲೆಕ್ಕವೇ. ಜೊತೆಯವರನ್ನು ಕೂಗಿ ಕರೆದು ಹೇಳಬೇಕು ಅನ್ನುವ ಹಳೇ ನಿಯಮ 2019ರಲ್ಲಿ ಹೋಯಿತು. ಹೇಳಿದರೆ ಮರ್ಯಾದೆ, ಅಷ್ಟೇ.

ಎಡವುವುದು ಒರೆಸುವಾಗ. ಕೆಸರು ಮೆತ್ತಿದ ಚೆಂಡು ಕೈಗೆ ಬಂದ ಕೂಡಲೇ ಪಂಚೆಗೋ ಪ್ಯಾಂಟಿಗೋ ಉಜ್ಜಿಬಿಡುತ್ತೇವೆ. ಗುರುತು ಕಾಣಲು ಎಷ್ಟು ಬೇಕೋ ಅಷ್ಟು ಮಾತ್ರ ಒರೆಸಬೇಕು. ಹೆಬ್ಬೆರಳಿನಿಂದ ಒಂದು ಕಡೆ ಕೆಸರು ಸರಿಸಿದಿರಿ, 'ಳ'ದ ಬಾಲ ಕಂಡಿತು, ಅಲ್ಲಿಗೆ ನಿಲ್ಲಿಸಬೇಕು. ಜಾಗಕ್ಕೆ ಗುರುತು ಇಡದೆ ಎತ್ತಿದರೆ ಅಥವಾ ಜಾಸ್ತಿ ಒರೆಸಿದರೆ ಒಂದು ಹೊಡೆತದ ದಂಡ. ಗ್ರೀನ್ (ಹೋಲಿನ ಸುತ್ತ ನುಣುಪಾಗಿ ಕತ್ತರಿಸಿದ ಹುಲ್ಲಿನ ಜಾಗ) ಮೇಲೆ ಮಾತ್ರ ಎಷ್ಟು ಬೇಕಾದರೂ ಒರೆಸಬಹುದು.

ನಾಲ್ಕು ಕಡೆ ಗುರುತು ಹಾಕಿ ಅಂದದ್ದು ಇದಕ್ಕೇ. ಎತ್ತುವ ಕೆಲಸವೇ ಬರದಿದ್ದರೆ ಈ ತಾಪತ್ರಯ ಯಾವುದೂ ಇಲ್ಲ.

ಎಷ್ಟು ಹೊತ್ತು ಹುಡುಕಬಹುದು?

3 ನಿಮಿಷ. 2019ಕ್ಕೆ ಮೊದಲು 5 ನಿಮಿಷ ಇತ್ತು. ನೀವೋ ನಿಮ್ಮ ಕ್ಯಾಡಿಯೋ (ಚೀಲ ಹೊತ್ತು ಜೊತೆಗೆ ಬರುವವರು) ಹುಡುಕಲು ಶುರು ಮಾಡಿದ ಕ್ಷಣದಿಂದ ಲೆಕ್ಕ. ಹುಡುಕುವಾಗ ಕಾಲು ತಾಗಿ ಚೆಂಡು ಸರಿದರೆ ದಂಡವಿಲ್ಲ, ವಾಪಸ್ ಇದ್ದಲ್ಲೇ ಇಡಿ. ಮಳೆಗಾಲದಲ್ಲಿ ಆ 3 ನಿಮಿಷ ನಿಮಗಿಂತ ಉಂಬಳಗಳಿಗೇ ಜಾಸ್ತಿ ಉಪಯೋಗ. ಸಾಕ್ಸನ್ನು ಪ್ಯಾಂಟಿನ ಮೇಲೆ ಎಳೆದುಕೊಂಡು ಇಳಿಯಿರಿ.

ಗೊತ್ತಿಲ್ಲದೆ ಬೇರೆಯವರ ಚೆಂಡು ಹೊಡೆದುಬಿಟ್ಟೆ. ಈಗ?

ಹೊಡೆತಗಳನ್ನು ಎಣಿಸುವ ಸ್ಟ್ರೋಕ್ ಪ್ಲೇ ಆಟದಲ್ಲಿ ಎರಡು ಹೊಡೆತದ ದಂಡ. ಆ ಚೆಂಡಿಗೆ ಹೊಡೆದದ್ದು ಲೆಕ್ಕಕ್ಕಿಲ್ಲ. ವಾಪಸ್ ಹೋಗಿ ನಿಮ್ಮದನ್ನೇ ಆಡಬೇಕು. ತಪ್ಪನ್ನು ಸರಿಮಾಡದೆ ಮುಂದಿನ ಹೋಲಿನ ಟೀಯಿಂದ ಹೊಡೆದಿರೋ, ಪಂದ್ಯದಿಂದಲೇ ಹೊರಗೆ. ಕೊನೆಯ ಹೋಲ್ ಆದರೆ ಸ್ಕೋರ್‌ಕಾರ್ಡ್ ಕೊಡುವ ಮೊದಲೇ ಸರಿಮಾಡಿರಬೇಕು. ಎದುರುಬದುರಿನ ಮ್ಯಾಚ್ ಪ್ಲೇಯಲ್ಲಿ ಆ ಹೋಲೇ ಕೈಬಿಟ್ಟಿತು.

ಇದೆಲ್ಲ ತಪ್ಪಿಸಲು ಒಂದು ಸಣ್ಣ ಅಭ್ಯಾಸ ಇದೆ. ಮೊದಲ ಟೀ ಹತ್ತಿರ ನಿಂತಾಗ ಒಬ್ಬೊಬ್ಬರೂ ತಮ್ಮ ಚೆಂಡು ತೋರಿಸಿ ಹೇಳಿ: "ನಂದು 2ನೇ ನಂಬರ್, ನೀಲಿ ಳ." ಅರ್ಧ ನಿಮಿಷದ ಕೆಲಸ.

ಮೊದಲ ಚೆಂಡು ತೋಟಕ್ಕೆ ಹೋಯಿತು ಅನ್ನಿಸಿ ಪ್ರಾವಿಶನಲ್ (ಮೊದಲನೆಯದು ಸಿಗದಿದ್ದರೆ ಇರಲಿ ಅಂತ ಆಡುವ ಎರಡನೇ ಚೆಂಡು) ಹೊಡೆಯುತ್ತೇನೆ. ಅದಕ್ಕೂ ಅದೇ ಗುರುತು ಇದ್ದರೆ?

ತೊಂದರೆ ಆಗುತ್ತದೆ. ಎರಡೂ ಒಂದೇ ಕಡೆ ಹೋಗಿ ಬಿದ್ದು, ಸಿಕ್ಕಿದ್ದು ಒಂದೇ, ಅದು ಯಾವುದು ಅಂತ ಹೇಳಲಾಗದಿದ್ದರೆ ಅದನ್ನು ಪ್ರಾವಿಶನಲ್ ಅಂತಲೇ ಎಣಿಸಬೇಕು. ಅಂದರೆ ದಂಡ ನಿಮ್ಮ ತಲೆಗೆ. ನಾನು ಚೀಲದಲ್ಲಿ ಎರಡು ಬಗೆ ಇಟ್ಟುಕೊಂಡಿರುತ್ತೇನೆ: ಬರೀ 'ಳ', ಮತ್ತು ಕೆಳಗೆ ಅಡ್ಡಗೆರೆ ಎಳೆದ 'ಳ'. ಗೆರೆ ಇರುವುದು ಯಾವಾಗಲೂ ಎರಡನೇ ಚೆಂಡು. ಹೊಡೆಯುವ ಮೊದಲು "ಪ್ರಾವಿಶನಲ್" ಅಂತ ಬಾಯಿಬಿಟ್ಟು ಹೇಳುವುದನ್ನು ಮರೆಯಬೇಡಿ. ಮನಸ್ಸಿನಲ್ಲಿ ಅಂದುಕೊಂಡರೆ ನಡೆಯುವುದಿಲ್ಲ.

ಕೋತಿ ಎತ್ತಿಕೊಂಡು ಹೋದರೆ?

ನಗಬೇಡಿ, ಇದು ನಮ್ಮ ಕಡೆ ನಿಜವಾದ ಪ್ರಶ್ನೆ. ನಿಂತಿದ್ದ ಚೆಂಡನ್ನು ಕೋತಿಯೋ ನಾಯಿಯೋ ಎತ್ತಿದ್ದು ಕಂಡಿದ್ದರೆ ದಂಡವಿಲ್ಲ. ಮೊದಲಿದ್ದ ಜಾಗದಲ್ಲೇ ಇಟ್ಟು ಆಡಿ. ಆ ಚೆಂಡು ಕೈಗೆ ಸಿಗದಿದ್ದರೆ ಬೇರೆ ಚೆಂಡು ಇಡಬಹುದು. ಐವತ್ತು ಹೆಜ್ಜೆ ಆಚೆ ಅದು ಬಿಸಾಕಿದ್ದು ನಿಮ್ಮದೇ ಹೌದಾ ಅಂತ ತಿಳಿಯುವುದಕ್ಕೆ ಮತ್ತೆ ಅದೇ ನೀಲಿ ಅಕ್ಷರವೇ ಬೇಕು.

ಇನ್ನು ಗೆರೆಯ ವಿಷಯ. ಚೆಂಡಿನ ಮೇಲೆ ಗೆರೆ ಎಳೆದು ಗುರಿ ಹಿಡಿಯುವುದು ಮೋಸ ಅಲ್ವಾ?

ಅಲ್ಲ. ಗೆರೆ ಎಳೆಯಬಹುದು, ಗ್ರೀನ್ ಮೇಲೆ ಚೆಂಡು ವಾಪಸ್ ಇಡುವಾಗ ಆ ಗೆರೆಯನ್ನು ಬೇಕಾದ ಕಡೆಗೆ ತಿರುಗಿಸಿ ಇಡಲೂಬಹುದು. ಚೆಂಡು ಇದ್ದ ಜಾಗ, ಎತ್ತರ ಬದಲಾಗಬಾರದು, ಅಷ್ಟೇ. ಅದರ ಮುಖ ಯಾವ ಕಡೆ ಇದೆ ಅನ್ನುವುದು ನಿಯಮಕ್ಕೆ ಬೇಡದ ವಿಷಯ.

ಬೇರೆ ವಸ್ತು ಇಟ್ಟು ಗುರಿ ಹಿಡಿಯುವಂತಿಲ್ಲ. ಕ್ಲಬ್ಬನ್ನು ನೆಲದ ಮೇಲೆ ಮಲಗಿಸಿ ಅದರ ನೇರಕ್ಕೆ ಕಾಲಿಟ್ಟು ನಿಂತರೆ ದಂಡ. ನಿಂತ ಮೇಲೆ ಕ್ಲಬ್ ತೆಗೆದರೂ ದಂಡ ತಪ್ಪುವುದಿಲ್ಲ.

ಗೆರೆ ನೆಟ್ಟಗೆ ಎಳೆಯುವುದು ಹೇಗೆ?

ಮೊದಲು ನಾನು ಹಾಳುಮಾಡಿಕೊಂಡ ಬಗೆ ಹೇಳುತ್ತೇನೆ. ಕೆಮ್ಮಿನ ಸಿರಪ್ಪಿನ ಅಳತೆ ಮುಚ್ಚಳ ಚೆಂಡಿನ ಮೇಲೆ ಬೋರಲು ಹಾಕಿ, ಅಂಚಿನ ಸುತ್ತ ಪೆನ್ನು ಆಡಿಸಿದೆ. ಅಚ್ಚುಕಟ್ಟಾದ ಗೆರೆ ಬಂತು. ಆದರೆ ಮುಚ್ಚಳದ ಬಾಯಿ ಚೆಂಡಿನ ಅಗಲಕ್ಕಿಂತ ಚಿಕ್ಕದು. ಚೆಂಡಿನ ಅಗಲ 42.67 ಮಿಲಿಮೀಟರಿಗಿಂತ ಕಡಿಮೆ ಇರುವಂತಿಲ್ಲ, ಅದು ನಿಯಮ. ಮುಚ್ಚಳ ಅಷ್ಟು ಅಗಲ ಇರಲಿಲ್ಲ. ಹಾಗಾಗಿ ಗೆರೆ ನಡು ಸೊಂಟದಲ್ಲಿ ಬರದೆ ಪಕ್ಕಕ್ಕೆ ಬಂತು. ಇಟ್ಟು ನೋಡಿದರೆ ಚೆಂಡೇ ಒಂದು ಕಡೆಗೆ ವಾಲಿದ ಹಾಗೆ ಕಾಣುತ್ತಿತ್ತು. ಬೈತಲೆ ಕಿವಿಯ ಮೇಲೆ ತೆಗೆದ ಹಾಗೆ.

ಸುಲಭದ ದಾರಿ ಅಂದರೆ ಚೆಂಡಿಗೆ ಕಚ್ಚಿ ಕೂರುವ ಪ್ಲಾಸ್ಟಿಕ್ ಕ್ಲಿಪ್. ಅದರಲ್ಲಿ ಸೀಳು ಇರುತ್ತದೆ, ಪೆನ್ನು ಅದರೊಳಗೆ ಓಡಿಸಿದರೆ ಆಯಿತು. ಆನ್‌ಲೈನಿನಲ್ಲಿ ಕಡಿಮೆ ದುಡ್ಡಿಗೆ ಸಿಗುತ್ತದೆ. ಕ್ಲಿಪ್ ಹಾಕಿದ ಮೇಲೆ ಪೆನ್ನನ್ನು ಒಂದೇ ದಿಕ್ಕಿಗೆ ಎಳೆಯಿರಿ, ಹಿಂದೆ ಮುಂದೆ ಉಜ್ಜಿದರೆ ಶಾಯಿ ಸೀಳಿನ ಅಡಿಗೆ ಹರಡುತ್ತದೆ. ಶಾಯಿ ಆರುವವರೆಗೂ ಕ್ಲಿಪ್ ತೆಗೆಯಬೇಡಿ.

ಕ್ಲಿಪ್ ಇಲ್ಲದಿದ್ದರೆ ಕಂಪನಿಯವರೇ ಅಚ್ಚು ಹಾಕಿದ ಬಾಣ ಅಥವಾ ಹೆಸರಿನ ಸಾಲನ್ನೇ ಗೆರೆ ಅಂದುಕೊಳ್ಳಿ. ಬಹಳ ಜನ ಅಷ್ಟರಲ್ಲೇ ಚೆನ್ನಾಗಿ ಆಡುತ್ತಾರೆ.

ಗೆರೆಯನ್ನು ಹೋಲಿನ ಕಡೆಗೇ ತಿರುಗಿಸಿ ಇಟ್ಟೆ. ಆದರೂ ಪಟ್ (ಗ್ರೀನ್ ಮೇಲೆ ಚೆಂಡನ್ನು ಹೋಲಿಗೆ ಉರುಳಿಸುವ ಹೊಡೆತ) ತಪ್ಪುತ್ತದೆ. ಯಾಕೆ?

ಎರಡು ಕಾರಣ ಇರಬಹುದು.

ಒಂದು, ಗೆರೆ ತೋರಿಸಬೇಕಾದ್ದು ಹೋಲನ್ನಲ್ಲ, ಚೆಂಡು ಹೊರಡಬೇಕಾದ ದಿಕ್ಕನ್ನು. ಗುಡ್ಡದ ಮಗ್ಗುಲಲ್ಲಿರುವ ಗ್ರೀನಿನಲ್ಲಿ ಚೆಂಡು ಇಳಿಜಾರಿನ ಕಡೆಗೆ ವಾಲುತ್ತದೆ. ಇದರಲ್ಲಿ ಮಲೆನಾಡಿನವರಿಗೆ ಪಾಠ ಬೇಡ. ಮಳೆ ನೀರು ಈ ಅಂಗಳದಲ್ಲಿ ಯಾವ ಮೂಲೆಗೆ ಹರಿಯುತ್ತೆ ಅಂತ ನೋಡಿಯೇ ಬೆಳೆದವರು ನಾವು. ಗ್ರೀನ್ ಮೇಲೂ ಒಂದು ಕೊಡ ನೀರು ಚೆಲ್ಲಿದರೆ ಎತ್ತ ಹೋಗುತ್ತದೆ ಅಂತ ಕೇಳಿಕೊಳ್ಳಿ. ಚೆಂಡು ವಾಲುವುದೂ ಅತ್ತಲೇ. ಒಂದು ಗೇಣು ಎಡಕ್ಕೆ ವಾಲುತ್ತದೆ ಅನ್ನಿಸಿದರೆ ಗೆರೆ ಹೋಲಿಗಿಂತ ಒಂದು ಗೇಣು ಬಲಕ್ಕೆ ಇರಬೇಕು.

ಎರಡನೆಯದು ಲೆಕ್ಕ. ಹೋಲಿನ ಅಗಲ 108 ಮಿಲಿಮೀಟರ್. ಚೆಂಡಿನ ನಡು ಹೋಲಿನ ನಡುವಿಗಿಂತ 54 ಮಿಲಿಮೀಟರ್ ಆಚೆ ಹೋದರೆ ಒಳಗೆ ಬೀಳುವುದಿಲ್ಲ. 3 ಮೀಟರ್ ದೂರದ ಪಟ್ಟಿನಲ್ಲಿ ದಿಕ್ಕು ಒಂದು ಡಿಗ್ರಿ ತಪ್ಪಿದರೆ ಹೋಲಿನ ಹತ್ತಿರ 52 ಮಿಲಿಮೀಟರ್ ತಪ್ಪುತ್ತದೆ. ಅಂಚಿಗೆ ಬಂತು. ಈಗ ಚೆಂಡಿನ ಮೇಲಿನ ಗೆರೆ ನೋಡಿ. ಈ ತುದಿಯಿಂದ ಆ ತುದಿಗೆ ಹೆಚ್ಚೆಂದರೆ 40 ಮಿಲಿಮೀಟರ್. ಅದರಲ್ಲಿ ಒಂದು ತುದಿ 1 ಮಿಲಿಮೀಟರ್ ಸರಿದರೂ ಸುಮಾರು ಒಂದೂವರೆ ಡಿಗ್ರಿ ತಪ್ಪಾಯಿತು. ಅಕ್ಕಿಕಾಳಿನ ದಪ್ಪದಷ್ಟು ಓರೆ ಇಟ್ಟರೂ 3 ಮೀಟರಿನ ಪಟ್ ಹೊರಗೆ. ಹೊಡೆತ ಸರಿ ಇದ್ದರೂ ಹೊರಗೇ.

ಹಾಗಾಗಿ ಗೆರೆ ಎರಡು ಅಲಗಿನ ಕತ್ತಿ. ಸರಿಯಾಗಿ ಇಟ್ಟರೆ ಅರ್ಧ ಕೆಲಸ ಮುಗಿಯಿತು. ಓರೆ ಇಟ್ಟರೆ, ತಪ್ಪು ದಿಕ್ಕಿಗೆ ಪೂರ್ತಿ ಧೈರ್ಯದಿಂದ ಹೊಡೆಯುತ್ತೀರಿ. ಗೆರೆ ಇಲ್ಲದೆ ಕಣ್ಣಂದಾಜಿನಲ್ಲೇ ಚೆನ್ನಾಗಿ ಪಟ್ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ನಿಮಗೆ ಈಗಾಗಲೇ ಚೆಂಡು ಬೀಳುತ್ತಿದ್ದರೆ ಗೆರೆಯ ಗೊಡವೆಗೇ ಹೋಗಬೇಡಿ. ಗುರುತು ಮಾತ್ರ ಎಲ್ಲರಿಗೂ ಬೇಕು.

ಹಿಂದೆ ಕೂತು ನೋಡಿದಾಗ ಗೆರೆ ನೆಟ್ಟಗಿರುತ್ತದೆ. ಹೊಡೆಯಲು ನಿಂತಾಗ ಓರೆ ಕಾಣುತ್ತದೆ. ಯಾವುದನ್ನು ನಂಬಲಿ?

ಹಿಂದಿನಿಂದ ನೋಡಿದ್ದನ್ನು. ನಿಂತಾಗ ನಿಮ್ಮ ಕಣ್ಣು ಚೆಂಡಿನ ನೇರ ಮೇಲಿರುವುದಿಲ್ಲ, ಸ್ವಲ್ಪ ಈಚೆಗೋ ಆಚೆಗೋ ಇರುತ್ತದೆ. ತಲೆಯೂ ಓರೆಯಾಗಿರುತ್ತದೆ, ಅದಕ್ಕೆ ಹಾಗೆ ಕಾಣುವುದು. ಗೋಡೆ ಕಟ್ಟುವವರು ನೂಲು ಹಿಡಿದು ಒಂದು ಕಣ್ಣು ಮುಚ್ಚಿ ತುದಿಯಿಂದ ನೋಡುತ್ತಾರಲ್ಲ, ಪಕ್ಕದಲ್ಲಿ ನಿಂತು ನೋಡುವುದಿಲ್ಲ. ಹಾಗೆಯೇ ಇದೂ. ಚೆಂಡಿನ ಹಿಂದೆ ಎರಡು ಹೆಜ್ಜೆ ದೂರ ಕುಕ್ಕರಗಾಲಲ್ಲಿ ಕೂತು ನೋಡಿ, ಸರಿಮಾಡಿ, ಎದ್ದ ಮೇಲೆ ಅನುಮಾನ ಬೇಡ.

ಎರಡನೇ ಸಲ, ಮೂರನೇ ಸಲ ಕೂತು ಏಳುವವರಿಗೆ ಒಂದು ಮಾತು. ನಿಮ್ಮ ಸರದಿ ಬಂದ ಮೇಲೆ 40 ಸೆಕೆಂಡಿನೊಳಗೆ ಹೊಡೆಯಿರಿ ಅನ್ನುವುದು ನಿಯಮದ ಸಲಹೆ. ಹಿಂದೆ ನಿಂತವರಿಗೂ ಊಟದ ಹೊತ್ತಿಗೆ ಮನೆ ಸೇರಬೇಕಿರುತ್ತದೆ.

ಗ್ರೀನ್ ಮೇಲೆ ಮಾರ್ಕರ್ (ಪೆನ್ನಲ್ಲ, ಚೆಂಡಿನ ಜಾಗ ಗುರುತಿಸಲು ಇಡುವ ಬಿಲ್ಲೆ) ಇಡದೆ, ಬೆರಳಿನಲ್ಲಿ ಸ್ವಲ್ಪ ತಿರುಗಿಸಿದರೆ ಏನಾಗುತ್ತೆ?

ಒಂದು ಹೊಡೆತದ ದಂಡ. ಚೆಂಡು ಜಾಗ ಬಿಟ್ಟು ಕದಲದಿದ್ದರೂ ಅಷ್ಟೇ. ಮೊದಲು ಮಾರ್ಕರ್, ಆಮೇಲೆ ಕೈ.

ಒಣಗಿದ ಎಲೆ ಇಟ್ಟು ಜಾಗ ಗುರುತು ಮಾಡಬಹುದಾ?

ಮಾಡಬಾರದು. ಮನುಷ್ಯ ಮಾಡಿದ ವಸ್ತುವೇ ಆಗಬೇಕು: ನಾಣ್ಯ, ಟೀ, ಮಾರ್ಕರ್. ಎಲೆ, ಕಡ್ಡಿ ಇಟ್ಟು ಎತ್ತಿದರೆ ಒಂದು ಹೊಡೆತದ ದಂಡ. ನಾನು ಒಂದು ರೂಪಾಯಿ ನಾಣ್ಯ ಇಡುತ್ತೇನೆ. ಹೊಡೆಯುವ ಮೊದಲು ಅದನ್ನು ತೆಗೆಯಬೇಕು, ಮರೆತರೆ ಅದಕ್ಕೂ ದಂಡ ಇದೆ.

ಕ್ಯಾಡಿ ಹಿಂದೆ ನಿಂತು "ಸ್ವಲ್ಪ ಎಡಕ್ಕೆ ಸಾರ್" ಅಂತ ಹೇಳಬಹುದಾ?

ನೀವು ಹೊಡೆಯಲು ಕಾಲೂರಿ ನಿಲ್ಲಲು ಶುರು ಮಾಡುವವರೆಗೆ ಹೇಳಬಹುದು. ಆಮೇಲೆ ಅವರು ಬೇಕೆಂದೇ ಚೆಂಡಿನ ಹಿಂದಿನ ನೇರದಲ್ಲಿ ನಿಂತಿರಬಾರದು. ಗುರಿಯನ್ನು ಕಾಲೂರುವ ಮೊದಲೇ ಮುಗಿಸಿಕೊಳ್ಳಿ.

ಮೂರು ಗೆರೆ ಇರುವ ಚೆಂಡು ಬರುತ್ತದಲ್ಲ, ತಗೊಳ್ಳಬಹುದಾ?

ಕ್ಯಾಲವೇ ಕಂಪನಿಯ ಟ್ರಿಪಲ್ ಟ್ರ್ಯಾಕ್. ಪಕ್ಕಪಕ್ಕ ಮೂರು ಗೆರೆ, ನಡುವಿನದು ಬೇರೆ ಬಣ್ಣ. ಒಂದು ಗೆರೆಗಿಂತ ಮೂರು ಗೆರೆ ಇದ್ದರೆ ಓರೆ ಬೇಗ ಕಣ್ಣಿಗೆ ಬೀಳುತ್ತದೆ ಅನ್ನುವುದು ಅವರ ವಾದ. ಕೆಲವರಿಗೆ ಹೌದು. ನನಗೆ ಚೆಂಡಿನ ಮೇಲೆ ರೈಲು ಹಳಿ ಹಾಕಿದ ಹಾಗೆ ಕಂಡು ತಲೆ ಕೆಟ್ಟಿತು. ಒಂದು ಡಬ್ಬ ತಂದು ನೀವೇ ನೋಡಿ. ಅದರ ಮೇಲೂ ನಿಮ್ಮ ಗುರುತು ಬೇರೆ ಹಾಕಬೇಕು. ಆ ಮೂರು ಗೆರೆ ಎಲ್ಲರ ಚೆಂಡಿನಲ್ಲೂ ಇರುತ್ತದೆ.

ಟೀ ಮೇಲೆ, ಫೇರ್‌ವೇನಲ್ಲಿ (ಟೀಗೂ ಗ್ರೀನಿಗೂ ನಡುವೆ ಹುಲ್ಲು ಕತ್ತರಿಸಿದ ದಾರಿ) ಗೆರೆ ಉಪಯೋಗಕ್ಕೆ ಬರುತ್ತದಾ?

ಟೀ ಮೇಲೆ ಬರುತ್ತದೆ. ಚೆಂಡು ನೀವೇ ಇಡುವುದು, ಬೇಕಾದ ಹಾಗೆ ತಿರುಗಿಸಿ. ಫೇರ್‌ವೇನಲ್ಲಿ ಚೆಂಡು ಬಿದ್ದ ಹಾಗೇ ಆಡಬೇಕು, ಗೆರೆಗೋಸ್ಕರ ಮುಟ್ಟುವಂತಿಲ್ಲ. ಮಳೆಗಾಲದಲ್ಲಿ ಕ್ಲಬ್ಬಿನವರು ಚೆಂಡು ಎತ್ತಿ ಒರೆಸಿ ಇಡಲು ಬಿಟ್ಟಿದ್ದರೆ ಮಾತ್ರ ಬೇರೆ ಮಾತು.

ಗೆರೆ ಸರಿ ಇಟ್ಟಿದ್ದೇನಾ, ಹೊಡೆತ ತಪ್ಪಾ ಅಂತ ಹೇಗೆ ತಿಳಿಯುವುದು?

ಇದು ಗೆರೆಯ ನಿಜವಾದ ಉಪಯೋಗ ಅಂತ ನನಗನ್ನಿಸುತ್ತದೆ, ಯಾರೂ ಕೇಳುವುದಿಲ್ಲ ಅಷ್ಟೇ.

ನಮ್ಮ ಹಳೇ ಮನೆಯ ಪಡಸಾಲೆ ಕೆಂಪು ಗಾರೆ ನೆಲದ್ದು. ಮೂರು ತಲೆಮಾರು ಒರೆಸಿ ಒರೆಸಿ ಕನ್ನಡಿ ಹಾಗಾಗಿದೆ. ಮಳೆಗಾಲದಲ್ಲಿ ಆಟ ನಿಂತಾಗ ಅಲ್ಲೇ ನನ್ನ ಪಾಠ. ನೀಲಿ ಗೆರೆಯ ಚೆಂಡು ಇಟ್ಟು, ಗೆರೆಯನ್ನು ಎದುರಿನ ಕಂಬದ ಬುಡಕ್ಕೆ ನೇರ ಮಾಡಿ, ಮೆಲ್ಲಗೆ ತಟ್ಟುತ್ತೇನೆ. ಪಟರಿನ (ಪಟ್ ಹೊಡೆಯುವ ಕ್ಲಬ್ಬಿನ) ಮುಖ ನೇರವಾಗಿ ತಾಗಿದರೆ ಗೆರೆ ಅಲುಗದೆ ಉರುಳುತ್ತದೆ. ಚೆಂಡು ಸುತ್ತುತ್ತಿದ್ದರೂ ಕಣ್ಣಿಗೆ ನಿಂತ ಒಂದೇ ನೀಲಿ ಪಟ್ಟಿ. ಮುಖ ಸ್ವಲ್ಪ ತೆರೆದುಕೊಂಡಿದ್ದರೂ, ಓರೆಯಾಗಿ ಸವರಿದರೂ ಪಟ್ಟಿ ತೂಗಾಡುತ್ತದೆ, ಕುಡಿದವನು ನಡೆದ ಹಾಗೆ. ಪಟ್ಟಿ ನೇರ ಹೋಗಿಯೂ ಕಂಬ ತಪ್ಪಿದರೆ ಇಟ್ಟದ್ದು ಓರೆ. ತೂಗಾಡಿದರೆ ಹೊಡೆದದ್ದು ಓರೆ. ಯಾವ ಮೇಷ್ಟ್ರೂ ಇಷ್ಟು ಬೇಗ ಹೇಳಲಾರರು.

ಅಮ್ಮ ಮಾತ್ರ "ನೆಲಕ್ಕೆ ಮಸಿ ಹತ್ತಿದ್ರೆ ನೋಡು" ಅಂತ ಒಳಗಿನಿಂದಲೇ ಗದರುತ್ತಾರೆ. ಆರಿದ ಶಾಯಿ ನೆಲಕ್ಕೆ ಹತ್ತುವುದಿಲ್ಲ. ಆರದ್ದು ಹತ್ತುತ್ತದೆ, ಅದೂ ಆಗಿದೆ.

ಉಪ್ಪು ನೀರಿನಲ್ಲಿ ತೇಲಿಸಿ ಚೆಂಡಿನ ಭಾರದ ಕಡೆ ಕಂಡುಹಿಡಿದು ಗೆರೆ ಎಳೆಯಬೇಕಂತೆ, ಹೌದಾ?

ಉಪ್ಪು ಜಾಸ್ತಿ ಕರಗಿಸಿದ ನೀರಿನಲ್ಲಿ ಚೆಂಡು ತೇಲುತ್ತದೆ, ಭಾರದ ಮಗ್ಗುಲು ಕೆಳಗೆ ಹೋಗುತ್ತದೆ ಅನ್ನುವುದು ನಿಜ. ಮಕ್ಕಳಿಗೆ ತೋರಿಸಲು ಚೆನ್ನಾಗಿದೆ. ನಮ್ಮಂಥವರ ಪಟ್ ತಪ್ಪುವುದು ಚೆಂಡಿನ ಭಾರದಿಂದಲ್ಲ. ಉಪ್ಪು ಉಪ್ಪಿನಕಾಯಿಗೆ ಇರಲಿ.

ಹಳೇ ಗುರುತು ಅಳಿಸಿ ಬೇರೆ ಹಾಕಬಹುದಾ?

ಸ್ಪಿರಿಟ್, ಸ್ಯಾನಿಟೈಸರಿನಲ್ಲಿ ಉಜ್ಜಿದರೆ ಹೆಚ್ಚುಕಡಿಮೆ ಹೋಗುತ್ತದೆ. ನೈಲ್ ಪಾಲಿಶ್ ತೆಗೆಯುವ ದ್ರಾವಣ ಹಾಕಬೇಡಿ, ಚೆಂಡಿನ ಹೊಳಪೂ ಕಿತ್ತುಬರಬಹುದು.

ತೋಟದಲ್ಲಿ ಬೇರೆಯವರ ಗುರುತಿನ ಚೆಂಡು ಸಿಕ್ಕರೆ ಇಟ್ಟುಕೊಳ್ಳಬಹುದಾ?

ಯಾರದು ಅಂತ ಗೊತ್ತಿದ್ದರೆ ಕೊಟ್ಟುಬಿಡಿ. ಗೊತ್ತಿಲ್ಲದಿದ್ದರೆ ಕ್ಲಬ್ಬಿನ ಬುಟ್ಟಿಗೆ ಹಾಕಿ. ಒಂದು ಸಲ ಮೇ ತಿಂಗಳಲ್ಲಿ ಕಳೆದ ನನ್ನ ಚೆಂಡು ದೀಪಾವಳಿ ಹೊತ್ತಿಗೆ ಸಿಕ್ಕಿತು. ಕಾಫಿ ಗಿಡದ ಬುಡ ಬಿಡಿಸುವಾಗ ಸಿಕ್ಕಿತಂತೆ. ತೋಟದ ಹೆಂಗಸೊಬ್ಬರು ತಂದು "ಇದ್ರ ಮ್ಯಾಲೆ ಕನ್ನಡದಾಗೆ ಬರ್ದೈತೆ, ಇಲ್ಲಿಯೋರ್ದೇ ಇರ್ಬೇಕು" ಅಂತ ಕ್ಯಾಡಿ ಕೈಗೆ ಕೊಟ್ಟಿದ್ದರು. ಮಳೆಗಾಲ ಪೂರ್ತಿ ನೆನೆದು ಚೆಂಡು ಬಾಳೆಹಣ್ಣಿನ ಸಿಪ್ಪೆಯ ಬಣ್ಣಕ್ಕೆ ತಿರುಗಿತ್ತು. ನಾಲ್ಕು 'ಳ'ಗಳಲ್ಲಿ ಮೂರು ಹೋಗಿದ್ದವು. ನಾಲ್ಕನೆಯದರ ಬಾಲ ಇನ್ನೂ ನೀಲಿಯಾಗೇ ಇತ್ತು.